ಮರಿಲ್ಲೆ ಜಾಮ್: ಮಕ್ಕಳಿಗೆ ಎಷ್ಟು ಕೊಡಬಹುದು?

ಅಕ್ಕ, ಮಗಳು ಬೆಳಿಗ್ಗೆ ಬ್ರೆಡ್ಡು-ಜಾಮ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅಂತ ಬರೆದಿದ್ದೀರಿ. ನಾವು ವಿಯೆನ್ನಾಗೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲೂ ಇದೇ ಕಥೆ. ಮರಿಲ್ಲೆ ಅಂದರೆ ಏಪ್ರಿಕಾಟ್, ಹಣ್ಣು ತಾನೇ ಅಂತ ನಾನೂ ಸುಮ್ನೆ ಬಿಟ್ಟಿದ್ದೆ. ಒಂದು ದಿನ ಬಾಟಲಿ ತಿರುಗಿಸಿ ಓದಿದೆ. 100 ಗ್ರಾಂ ಜಾಮ್‌ನಲ್ಲಿ ಹೆಚ್ಚುಕಮ್ಮಿ 60 ಗ್ರಾಂ ಸಕ್ಕರೆ! ಒಂದು ದೊಡ್ಡ ಚಮಚ, ಅಂದರೆ 20 ಗ್ರಾಂ ಸವರಿದರೆ 12 ಗ್ರಾಂ ಸಕ್ಕರೆ, ಸುಮಾರು 50 ಕ್ಯಾಲೊರಿ. ಹಣ್ಣಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಒಂದಿಷ್ಟು ಉಳಿದಿರುತ್ತದೆ. ವಿಟಮಿನ್ ಸಿ ಕುದಿಯುವಾಗಲೇ ಬಹಳಷ್ಟು ಹೋಗಿರುತ್ತದೆ, ನಾರೂ ಕಡಿಮೆ. ಇದನ್ನು ಹಣ್ಣಿನ ಲೆಕ್ಕಕ್ಕೆ ಹಿಡಿಯಬೇಡಿ, ಸಿಹಿತಿಂಡಿ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಚಿಕ್ಕವನಿಗೆ ಎರಡು ವರ್ಷ ತುಂಬುವವರೆಗೆ ಬೇಡವೇ ಬೇಡ.

ಹಾಗಂತ ಮಗಳಿಗೆ ಪೂರ್ತಿ ನಿಲ್ಲಿಸಲೂ ಬೇಡಿ. ಅವಳ ಗೆಳತಿಯರೆಲ್ಲ ತಿನ್ನುವ ರುಚಿ ಇದು, ಅಲ್ವಾ? ಫೆಬ್ರವರಿಯ ಕಾರ್ನಿವಲ್ ಹೊತ್ತಿಗೆ ಎಲ್ಲ ಬೇಕರಿಯಲ್ಲೂ ಕ್ರಾಪ್ಫೆನ್ ಅನ್ನುವ ಕರಿದ ಸಿಹಿ ಬನ್ ಇಡುತ್ತಾರೆ, ಅದರೊಳಗೆ ಇದೇ ಜಾಮ್. ಸಾಖರ್ ಟೋರ್ಟೆ ಅನ್ನುವ ಇಲ್ಲಿಯ ಕೇಕಿನ ಚಾಕೊಲೇಟ್ ಹೊದಿಕೆಯ ಕೆಳಗೂ ಇದನ್ನೇ ಬಿಸಿಮಾಡಿ ತೆಳ್ಳಗೆ ಸವರುತ್ತಾರೆ. ಕೇಕಿನ ಪುಡಿ ಮೇಲೇಳದೆ ಚಾಕೊಲೇಟ್ ನುಣ್ಣಗೆ ಕೂರುತ್ತದೆ. ಇದೇ ಜಾಮ್ ಸವರಿ ಕೊಡುವ ಪಲಾಚಿಂಕೆನ್ ಅಂತೂ ಮೈದಾ, ಹಾಲು, ಮೊಟ್ಟೆಯ ತೆಳು ದೋಸೆ. ನಾವು ನೀರುದೋಸೆಗೇ ಕಾಯಿ-ಬೆಲ್ಲದ ಬದಲು ಒಂದು ಟೀ ಚಮಚ ಸವರಿ ಮಡಿಸಿ ಕೊಡುತ್ತೇವೆ. ಆ ಹುಳಿಸಿಹಿ ಅಕ್ಕಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ.

ಸಾಧ್ಯವಾದರೆ ಜುಲೈನಲ್ಲಿ ಮನೆಯಲ್ಲೇ ಮಾಡಿ. ಡ್ಯಾನ್ಯೂಬ್ ದಂಡೆಯ ವಾಖಾವ್ ಕಡೆಯ ಹಣ್ಣು ಆಗ ಮಾರುಕಟ್ಟೆಗೆ ಬರುತ್ತದೆ. ಸ್ವಲ್ಪ ದುಬಾರಿ, ಆದರೆ ಆ ಘಮವೇ ಬೇರೆ. ಒಂದು ಕೆಜಿ ಹಣ್ಣಿಗೆ, 2:1 ಅಂತ ಬರೆದಿರುವ ಜೆಲಿಯರ್ ಸಕ್ಕರೆ ಅರ್ಧ ಕೆಜಿ ಸಾಕು. ಅದರಲ್ಲಿ ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಇರುವುದರಿಂದ ನಾಲ್ಕೈದು ನಿಮಿಷ ಕೊತಕೊತ ಕುದ್ದರೆ ಆಯಿತು. ಫ್ರಿಜ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಲ್ಲಿ ತಳ್ಳಿದಾಗ ಅದು ಸುಕ್ಕುಗಟ್ಟಬೇಕು. ಈ ಹನಿ ನೋಡುವ ಕೆಲಸ ನಮ್ಮ ಮಗಳದ್ದು. ಬೆರಳು ನೆಕ್ಕಿ "ಆಯ್ತಮ್ಮ" ಅಂತ ಕೂಗುತ್ತಾಳೆ.

ಒಂದು ಮಾತ್ರ ನೆನಪಿಡಿ. ಓಟೆ ಒಡೆದರೆ ಒಳಗಿನ ಬೀಜ ಥೇಟ್ ಬಾದಾಮಿಯಂತೆ ಕಾಣುತ್ತದೆ. ಆ ಕಹಿಬೀಜ ತಿಂದರೆ ಹೊಟ್ಟೆಯಲ್ಲಿ ಸಯನೈಡ್ ಹುಟ್ಟುತ್ತದೆ, ಚಿಕ್ಕ ಮಕ್ಕಳಿಗೆ ಒಂದೆರಡೂ ಅಪಾಯ. ಹಣ್ಣು ಬಿಡಿಸಿದ ತಕ್ಷಣ ಓಟೆಗಳನ್ನೆಲ್ಲ ಕಟ್ಟಿ ಕಸಕ್ಕೆ ಹಾಕಿಬಿಡಿ.