ಕಲಾವಿದರನ್ನು ಮಾತನಾಡಿಸುವಾಗ ಏನು ಕೇಳಬೇಕು?

ಬೆಟ್ಟದ ಹಾದಿ (ವಿರಾಜಪೇಟೆ) ಕೇಳಿದ್ದು:

ಕೊಡಗಿನಲ್ಲೇ ಇದ್ದು ಕಲೆಯನ್ನು ನೆಚ್ಚಿಕೊಂಡು ಬದುಕುತ್ತಿರುವವರನ್ನು ಮಾತನಾಡಿಸಿ, ಅವರು ಕೆಲಸ ಮಾಡುವ ಬಗೆಯನ್ನೂ ಅದರಿಂದ ಸಂಸಾರ ತೂಗಿಸುವ ಬಗೆಯನ್ನೂ ಬರೆದಿಡಬೇಕೆಂದು ಹೊರಟಿದ್ದೇನೆ. ಜಲವರ್ಣದ ಚಿತ್ರಕಾರರೊಬ್ಬರು, ಮಡಿಕೇರಿ ದಸರಾ ಮೆರವಣಿಗೆಯ ಮಂಟಪಗಳಿಗೆ ಮೂರ್ತಿ ಮಾಡುವವರೊಬ್ಬರು ಮತ್ತು ದುಡಿಯೆಂಬ ಚಿಕ್ಕ ಚರ್ಮವಾದ್ಯ ಹಿಡಿದು ಹಾಡುವ ಹಿರಿಯರೊಬ್ಬರು, ಹೀಗೆ ಮೂವರನ್ನು ಈಗಾಗಲೇ ಭೇಟಿಯಾಗಿದ್ದೇನೆ. ಮೂವರೂ ಆದರದಿಂದಲೇ ಮಾತನಾಡಿದರು. ಆದರೆ ಮನೆಗೆ ಬಂದು ರೆಕಾರ್ಡಿಂಗ್ ಕೇಳಿದರೆ ಮೂವರದೂ ಒಂದೇ ಉತ್ತರ: ಚಿಕ್ಕಂದಿನಿಂದ ಆಸಕ್ತಿಯಿತ್ತು, ದೇವರ ದಯೆ, ಮನೆಯವರ ಪ್ರೋತ್ಸಾಹ. ಸ್ಫೂರ್ತಿ ಯಾವುದೆಂದು ಕೇಳಿದಾಗ ಚಿತ್ರಕಾರರು ಕಿಟಕಿಯಾಚೆ ಕೈ ತೋರಿಸಿ 'ಪ್ರಕೃತಿ' ಎಂದು ಸುಮ್ಮನಾದರು. ಆದಾಯದ ಮಾತು ತೆಗೆಯಲು ನನಗೇ ಸಂಕೋಚವಾಯಿತು. ತಪ್ಪು ನನ್ನ ಪ್ರಶ್ನೆಗಳಲ್ಲಿದೆ ಎಂಬುದು ಗೊತ್ತಾಗಿದೆ. ಏನು ಕೇಳಬೇಕಿತ್ತು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಹಸಿಬಣ್ಣ (ಸೋಮವಾರಪೇಟೆ):

ನಾನೂ ಜಲವರ್ಣದವನೇ. ಸ್ಫೂರ್ತಿಯ ಪ್ರಶ್ನೆ ಬಂದರೆ ನಾನೂ ಕಿಟಕಿಯನ್ನೇ ತೋರಿಸುತ್ತೇನೆ. ಆದರೆ ಜುಲೈ ತಿಂಗಳಲ್ಲಿ ಹೇಗೆ ಚಿತ್ರ ಬರೆಯುತ್ತೀರಿ ಎಂದು ಯಾರಾದರೂ ಕೇಳಿದ್ದರೆ ಒಂದು ಗಂಟೆ ಬಿಡದೆ ಮಾತನಾಡುತ್ತಿದ್ದೆ. ಮಾರ್ಚಿನಲ್ಲಿ ಆಕಾಶಕ್ಕೆ ನೀಲಿ ಹಚ್ಚಿ, ಅದರ ಅಂಚನ್ನು ತಿದ್ದಲು ಕುಂಚ ತೊಳೆದುಕೊಳ್ಳುವಷ್ಟರಲ್ಲಿ ಬಣ್ಣ ಒಣಗಿಬಿಟ್ಟಿರುತ್ತದೆ. ಜುಲೈನಲ್ಲಿ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದ ಊಟದ ಹೊತ್ತಿಗೂ ಹಸಿಯಾಗಿರುತ್ತದೆ, ಅದರ ಮೇಲೆ ಇನ್ನೊಂದು ಪದರ ಹಚ್ಚಿದರೆ ಎರಡೂ ಕಲೆತು ಕೆಸರಾಗುತ್ತವೆ. ಜಲವರ್ಣದ ಕಾಗದಕ್ಕೆ, ಬಣ್ಣ ಒಳಗಿಳಿಯದಂತೆ ತಡೆಯಲು, ಒಂದು ಬಗೆಯ ಅಂಟನ್ನು ಉಣಿಸಿರುತ್ತಾರೆ. ತೇವಕ್ಕೆ ಆ ಅಂಟು ಕೆಟ್ಟರೆ ಕುಂಚ ತಾಗಿದಲ್ಲೆಲ್ಲ ಬಣ್ಣ ಇಂಗಿ ಮಚ್ಚೆಮಚ್ಚೆಯಾಗಿ ಕಾಣುತ್ತದೆ. ಒಂದು ಮಳೆಗಾಲದಲ್ಲಿ ಇಡೀ ಕಟ್ಟು ಕಾಗದವನ್ನು ಬೀರುವಿನಲ್ಲೇ ಮರೆತು ಹೀಗೆ ಕೆಡಿಸಿಕೊಂಡೆ. ಎಸೆಯಲು ಮನಸ್ಸು ಬಾರದೆ ಅದರ ಮೇಲೆ ತೋಟದ ಮಂಜನ್ನೇ ಬರೆದೆ. ಆ ಮಚ್ಚೆಗಳನ್ನು ನೋಡಿದವರು ಅದು ನನ್ನ ಶೈಲಿಯೆಂದು ಹೊಗಳಿದರು, ನಾನೂ ತಿದ್ದಲು ಹೋಗಲಿಲ್ಲ. ಈಗ ಕಾಗದ ಇರುವುದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ.

ಆದ್ದರಿಂದ ಕೆಟ್ಟುಹೋದ ಚಿತ್ರವೊಂದನ್ನು ತೋರಿಸುವಂತೆ ಕೇಳಿ. ಒಳ್ಳೆಯ ಚಿತ್ರದ ಮುಂದೆ ಕಲಾವಿದರು ವಿನಯದಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೆಟ್ಟದ್ದನ್ನು ಎತ್ತಿದರೆ ಯಾವ ಹಂತದಲ್ಲಿ ಕೈ ತಪ್ಪಿತೆಂಬುದನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಹಣದ ವಿಷಯದಲ್ಲಿಯೂ ವರ್ಷಕ್ಕೆ ಎಷ್ಟು ಬರುತ್ತದೆ ಎನ್ನಬೇಡಿ, ಯಾವುದು ಮಾರಾಟವಾಯಿತು ಎನ್ನಿ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಜನ ನನ್ನ ದೊಡ್ಡ ಚಿತ್ರಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡರು, ಕೊಂಡದ್ದು ಮಾತ್ರ ಕೈಚೀಲಕ್ಕೆ ಹಿಡಿಯುವ ಚಿಕ್ಕವುಗಳನ್ನು. ಮುಂದೆ ಯಾವ ಅಳತೆಯಲ್ಲಿ ಬರೆಯಬೇಕೆಂಬುದನ್ನು ನನಗೆ ಕಲಿಸಿದ್ದು ಆ ಒಂದು ದಿನ.

ಕಕ್ಕಡ (ಪೊನ್ನಂಪೇಟೆ):

ನಮ್ಮ ಅಜ್ಜ ದುಡಿ ಹಿಡಿದು ಹಾಡುತ್ತಿದ್ದವರು. ಒಟ್ಟಿಗೆ ಹಾಡುವ ನಾಲ್ವರಲ್ಲಿ ಇಬ್ಬರು ಸಾಲೊಂದನ್ನು ಹಾಡುತ್ತಾರೆ, ಉಳಿದಿಬ್ಬರು ಅದನ್ನೇ ಮರಳಿ ಹಾಡುತ್ತಾರೆ. ಕೇಳುವವರಿಗೆ ಅದು ಬರಿಯ ಪುನರಾವರ್ತನೆಯಾಗಿ ತೋರಬಹುದು. ಆದರೆ ಮುಂದಿನ ಸಾಲನ್ನು ಕೂಡಿಸಿಕೊಳ್ಳಲು ಮುಂದಾಳಿಗೆ ಸಿಗುವ ಬಿಡುವು ಅಷ್ಟೇ. ಮದುವೆಯ ಹಾಡಿನಲ್ಲಿ ಆ ಮನೆಯ ಹೆಸರನ್ನು ಲಯ ಕೆಡದಂತೆ ಸೇರಿಸಬೇಕು, ಹೆಸರು ಉದ್ದವಾದರೆ ಪಕ್ಕದ ಮಾತನ್ನು ಮೊಟಕು ಮಾಡಬೇಕು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಯಲ್ಲಿ ಹಾಡುಗಳನ್ನು ಸಂಗ್ರಹಿಸಿಕೊಟ್ಟದ್ದರಿಂದ ಪದಗಳು ನಮಗೆ ಉಳಿದಿವೆ. ಆ ಬಿಡುವಿನಲ್ಲಿ ಹಾಡುಗಾರನ ತಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೀವು ಕೇಳಿ ಬರೆದುಕೊಳ್ಳಬೇಕು. ಕುಳಿತು ಕೇಳಿದರೆ ಅಜ್ಜನಿಗೆ ಹೇಳಲು ಬರುತ್ತಿರಲಿಲ್ಲ, ದುಡಿ ಕೈಗೆ ಕೊಟ್ಟರೆ ಅರ್ಧಕ್ಕೆ ನಿಲ್ಲಿಸಿ ನಿಲ್ಲಿಸಿ ವಿವರಿಸುತ್ತಿದ್ದರು.

ಸಂಪಾದನೆಯ ಮಾತಿಗೆ ಸಂಕೋಚವಾದರೆ, ಯಾವ ತಿಂಗಳಲ್ಲಿ ಕೈ ಖಾಲಿಯಿರುತ್ತದೆ ಎಂದು ಕೇಳಿ. ಮಳೆಗಾಲದ ಕಕ್ಕಡ ತಿಂಗಳಿನಲ್ಲಿ ಮದುವೆಗಳಿಲ್ಲ, ಹಾಡಿಗೆ ಕರೆಯುವವರೂ ಇಲ್ಲ. ಹಾಗೆಯೇ ಅವರು ಹಾಡಿದ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಗಳಿದ್ದರೆ ದಯವಿಟ್ಟು ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಮಾಸಾಶನಕ್ಕೆ ಅರ್ಜಿ ಹಾಕುವಾಗ ಅವು ಬೇಕಾಗುತ್ತವೆ. ನಮ್ಮ ಮನೆಯಲ್ಲಿ ಗೆದ್ದಲು ತಿಂದ ಮೇಲೆ ಅದರ ಬೆಲೆ ತಿಳಿಯಿತು.

ದಶಮಿ ರಾತ್ರಿ (ಮಡಿಕೇರಿ):

ಮೂರ್ತಿ ಮಾಡುವವರನ್ನು ಮನೆಯಲ್ಲಿ ಭೇಟಿಯಾಗಿದ್ದೀರೆಂದು ತೋರುತ್ತದೆ. ಶೆಡ್ಡಿಗೆ ಹೋಗಿ, ಆದರೆ ವಿಜಯದಶಮಿಗೆ ಮೊದಲಿನ ವಾರ ಖಂಡಿತ ಬೇಡ. ಆಗ ಯಾರಿಗೂ ನಿದ್ರೆಯಿರುವುದಿಲ್ಲ. ಟ್ರ್ಯಾಕ್ಟರಿನ ಮೇಲೆ ಸಾಗುವ ಆ ಮೂರ್ತಿಯನ್ನು ಜನ ನೋಡುವುದು ರಾತ್ರಿಯಲ್ಲಿ, ಬಣ್ಣದ ದೀಪದಡಿ, ಕೆಳಗಿನಿಂದ. ಹಗಲಿನಲ್ಲಿ ವಿಕಾರವಾಗಿ ಕಾಣುವ ದಪ್ಪ ಹುಬ್ಬನ್ನು ಏಕೆ ಹಾಗೆ ಬರೆದಿರಿ ಎಂದು ಕೇಳಿ ನೋಡಿ.

ಬೆಟ್ಟದ ಹಾದಿ:

ಎಲ್ಲರಿಗೂ ವಂದನೆಗಳು. ಮುಂದಿನ ಭಾನುವಾರ ಶೆಡ್ಡಿಗೆ ಹೋಗುತ್ತಿದ್ದೇನೆ. ಮೇಲೆ ತಗಡಿನ ಮಾಡು ಇದೆಯಂತೆ. ಮಳೆ ಬಂದರೆ ಮೇಜಿನ ಮೇಲಿಟ್ಟ ಫೋನಿನಲ್ಲಿ ಮಾತು ಕೇಳಿಸೀತೇ?

ಹಸಿಬಣ್ಣ:

ಕೇಳಿಸುವುದಿಲ್ಲ. ಅಂಗಿಗೆ ಸಿಕ್ಕಿಸುವ ಚಿಕ್ಕ ಮೈಕ್ ಒಯ್ಯಿರಿ, ಜೊತೆಗೊಂದು ನೋಟ್‌ಪುಸ್ತಕವೂ ಇರಲಿ. ಜೋರು ಮಳೆಯಾದರೆ ಕೈಗಳನ್ನಷ್ಟೇ ವಿಡಿಯೊ ಮಾಡಿಕೊಂಡು ಬನ್ನಿ, ಮಾತು ಇನ್ನೊಂದು ದಿನಕ್ಕಿರಲಿ.