ಸಹಾಯ ಬೇಕು: ‘ಸೆಟ್’ ಪದವನ್ನು ಮಕ್ಕಳಿಗೆ ಹೇಗೆ ಕಲಿಸಲಿ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಕನ್ನಡ ಮಾಧ್ಯಮದ ಎಂಟನೇ ಕ್ಲಾಸಿನ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಈಗ ‘ಸೆಟ್’ ಪದಕ್ಕೆ ಬಂದು ನಿಂತಿದ್ದೇವೆ. ಸೆಟ್ ದೋಸೆ, ಪಾತ್ರೆ ಸೆಟ್ ಎಲ್ಲಾ ಅವರಿಗೆ ಗೊತ್ತು. ಕಷ್ಟ ಇರುವುದು ಕ್ರಿಯಾಪದದಲ್ಲಿ. ಸೂರ್ಯ ಸೆಟ್ ಆದರೆ ಮುಳುಗುತ್ತಾನೆ, ಸಿಮೆಂಟ್ ಸೆಟ್ ಆದರೆ ಗಟ್ಟಿಯಾಗುತ್ತದೆ. ‘ಸೆಟ್ ಔಟ್’ ಅಂದರೆ ಹೊರಡುವುದು. ಭೂತಕಾಲದಲ್ಲೂ ಅದೇ ‘ಸೆಟ್’! 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಅತಿ ಉದ್ದದ ವಿವರಣೆ ಇದಕ್ಕೇ ಇತ್ತು.

ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಲು ನನಗೆ ಮನಸ್ಸಿಲ್ಲ. ಇಂಗ್ಲಿಷ್ ಮೇಷ್ಟ್ರು, ಟೀಚರ್‌ಗಳು ದಯವಿಟ್ಟು ಹೇಳಿ: ಯಾವ ಅರ್ಥ ಮೊದಲು ಕಲಿಸಲಿ? ಔಟ್, ಅಪ್, ಆಫ್ ಜೊತೆ ಬರುವ ಬಳಕೆಗಳನ್ನು ಆಮೇಲೆ ಇಟ್ಟುಕೊಳ್ಳಲೇ? ನೀವು ಕ್ಲಾಸಿನಲ್ಲಿ ಬಳಸಿದ ವಾಕ್ಯಗಳಿದ್ದರೆ ಇಲ್ಲೇ ಹಾಕಿ.