ಪದಚರ್ಚೆ: ‘ಕಚ್ಚಾ ರಸ್ತೆ’ಯೋ, ಬಂಡಿದಾರಿಯೋ, ಊರಹಾದಿಯೋ?

ಬಳಗಕ್ಕೆ ನಮಸ್ಕಾರ.

ರಷ್ಯದ ನಿಸರ್ಗಚಿತ್ರಗಳ ಬಗ್ಗೆ ಬರೆಯುತ್ತಿರುವ ಲೇಖನವೊಂದು ಒಂದು ಚಿತ್ರದ ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿದೆ. ಚಿತ್ರ ಅಲೆಕ್ಸೆಯ್ ಸವ್ರಾಸೊವ್ 1873ರಲ್ಲಿ ಬರೆದದ್ದು, ಈಗ ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿದೆ. ರಷ್ಯನ್ ಹೆಸರು ‘ಪ್ರಸ್ಯೋಲಕ್’. ಇಂಗ್ಲಿಷಿನವರು ‘ಕಂಟ್ರಿ ರೋಡ್’ ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ನಮಗೆ ಅಷ್ಟು ಸಲೀಸಾಗಿ ಆಗುವುದಿಲ್ಲ. ನಮ್ಮಲ್ಲಿ ದಾರಿಗೆ ಪದಗಳ ಬರ ಇಲ್ಲ, ಇರುವುದು ಆಯ್ಕೆಯ ತಲೆನೋವು.

ಚಿತ್ರ ನೋಡದವರಿಗಾಗಿ ನಾಲ್ಕು ಮಾತು. ಎಣ್ಣೆಬಣ್ಣದ ಚಿಕ್ಕ ಕ್ಯಾನ್ವಾಸು: 70 ಸೆಂ.ಮೀ. ಎತ್ತರ, 57 ಸೆಂ.ಮೀ. ಅಗಲ. ನಿಸರ್ಗಚಿತ್ರ ಸಾಮಾನ್ಯವಾಗಿ ಅಡ್ಡಡ್ಡ ಮಲಗಿರುತ್ತದೆ. ಇದು ಎದ್ದು ನಿಂತಿದೆ, ಹಾಗಾಗಿ ಆಕಾಶಕ್ಕೆ ಬೇಕಾದಷ್ಟು ಜಾಗ. ಮಳೆ ಈಗಷ್ಟೇ ಹೊಯ್ದು ಹೋಗಿದೆ, ಮೋಡ ಇನ್ನೂ ಪೂರ್ತಿ ಚದುರಿಲ್ಲ. ದಾರಿ ನೋಡುವವನ ಕಾಲಬುಡದಿಂದಲೇ ಹೊರಡುತ್ತದೆ. ದಾರಿ ಎನ್ನುವುದಕ್ಕಿಂತ ರೊಜ್ಜು ಎನ್ನಬಹುದು. ಗಾಲಿ ಹರಿದಲ್ಲೆಲ್ಲ ನೀರು ನಿಂತಿದೆ, ಆ ನೀರಿಗೆ ಆಕಾಶದ ಬೆಳಕು ಬಿದ್ದು ಕೆಸರೇ ಹೊಳೆಯುತ್ತಿದೆ. ದಾರಿಯ ಮಗ್ಗುಲಲ್ಲಿ ಗಾಳಿ ತಿಂದ ವಿಲೋ ಮರಗಳು, ಆಚೆಗೆ ಮಾಗಿದ ಪೈರಿನ ಹಳದಿ. ಗಾಡಿಯಿಲ್ಲ, ಎತ್ತು ಕುದುರೆ ಯಾವುದೂ ಇಲ್ಲ. ಕಥೆ ಹೇಳುವಂಥದ್ದು ಏನೂ ನಡೆಯುವುದಿಲ್ಲ. ಸವ್ರಾಸೊವ್‌ಗೆ ಹೆಸರು ತಂದದ್ದು 1871ರ ‘ರೂಕ್ ಹಕ್ಕಿಗಳು ಮರಳಿ ಬಂದಿವೆ’ ಎಂಬ ಚಿತ್ರ. ಊರೂರಿಗೆ ಪ್ರದರ್ಶನ ಒಯ್ಯುತ್ತಿದ್ದ ವಾಸ್ತವವಾದಿ ಚಿತ್ರಕಾರರ ಸಂಘದ ಮೊದಲ ಪ್ರದರ್ಶನದಲ್ಲೇ ಅದಿತ್ತು. ನನ್ನನ್ನು ಕೇಳಿದರೆ ಈ ಕೆಸರಿನ ಚಿತ್ರ ಅದಕ್ಕಿಂತ ಒಂದು ಕೈ ಮೇಲು.

ಈಗ ಪದದ ವಿಷಯ. ‘ಪ್ರಸ್ಯೋಲಕ್’ ಎಂಬುದರ ಒಳಗೆ ‘ಸೆಲೊ’ ಇದೆ, ಅಂದರೆ ಹಳ್ಳಿ. ಹಳ್ಳಿಯಿಂದ ಹಳ್ಳಿಗೆ ಹಾಯುವ ದಾರಿ ಎಂಬುದು ಅದರ ಹುರುಳು. ಪಟ್ಟಣಗಳನ್ನು ಸೇರಿಸುವ ದೊಡ್ಡ ದಾರಿಗೆ ರಷ್ಯನ್ನರು ‘ತ್ರಾಕ್ತ್’ ಎನ್ನುತ್ತಿದ್ದರು. ಇದು ಅದಲ್ಲ.

ಮೊದಲು ಬಾಯಿಗೆ ಬರುವುದು ‘ಕಚ್ಚಾ ರಸ್ತೆ’. ಇದಕ್ಕೆ ನನ್ನ ಪೂರ್ತಿ ವಿರೋಧವಿದೆ. ಕಚ್ಚಾ ಎನ್ನಬೇಕಾದರೆ ಪಕ್ಕದಲ್ಲಿ ಪಕ್ಕಾ ಇರಬೇಕು. ಡಾಂಬರು ಬಂದಿಲ್ಲ, ಇನ್ನು ಬರಬೇಕು ಎಂಬ ಅರ್ಜಿಯ ದನಿ ಆ ಪದದಲ್ಲಿದೆ. ‘ಮಣ್ಣಿನ ರಸ್ತೆ’ಯ ಕಥೆಯೂ ಅಷ್ಟೇ. ಆ ಕಾಲದ ರಷ್ಯದಲ್ಲಿ ಮಣ್ಣು ಚಿಕ್ಕ ದಾರಿಯ ಗುರುತಾಗಿರಲಿಲ್ಲ. ಸವ್ರಾಸೊವ್‌ನ ಶಿಷ್ಯ ಇಸಾಕ್ ಲೆವಿತಾನ್ 1892ರಲ್ಲಿ ‘ವ್ಲಾದಿಮಿರ್ಕಾ’ ಬರೆದ. ಕೈದಿಗಳನ್ನು ಕಾಲ್ನಡಿಗೆಯಲ್ಲಿ ಸೈಬೀರಿಯಾಕ್ಕೆ ಸಾಗಿಸುತ್ತಿದ್ದ ಹೆದ್ದಾರಿ ಅದು. ಅದೂ ಮಣ್ಣೇ! ನಡುವೆ ಅಗಲವಾದ ದಾರಿ, ಅದರ ಮಗ್ಗುಲಿಗೆ ನಡೆದು ನಡೆದು ಸವೆದ ಕಾಲುಹಾದಿಗಳು. ಗುರುವಿನದು ಊರುಗಳ ನಡುವಿನ ದಾರಿ, ಶಿಷ್ಯನದು ಸರ್ಕಾರದ ದಾರಿ. ಎರಡನ್ನೂ ‘ಮಣ್ಣಿನ ರಸ್ತೆ’ ಎಂದುಬಿಟ್ಟರೆ ಚಿತ್ರಗಳ ನಡುವಿನ ವ್ಯತ್ಯಾಸವೇ ಅಳಿಸಿಹೋಗುತ್ತದೆ. ನನ್ನ ಲೇಖನದಲ್ಲಿ ಇವೆರಡೂ ಅಕ್ಕಪಕ್ಕ ಬರುತ್ತವೆ, ಹಾಗಾಗಿಯೇ ಇಷ್ಟು ಹಟ.

‘ಗ್ರಾಮೀಣ ರಸ್ತೆ’ ಎಂದರೆ ಗುತ್ತಿಗೆದಾರನ ಹೆಸರು, ಅಂದಾಜು ವೆಚ್ಚ ಬರೆದ ಹಳದಿ ಬೋರ್ಡು ಕಣ್ಣಮುಂದೆ ಬರುತ್ತದೆ. ‘ಹಳ್ಳಿಗಾಡಿನ ರಸ್ತೆ’ ತಪ್ಪಲ್ಲ, ಆದರೆ ಅದು ಪಟ್ಟಣದಲ್ಲಿ ಕೂತವನ ಮಾತು. ಆ ದಾರಿಯಲ್ಲಿ ನಡೆಯುವವರು ಹಾಗೆ ಹೇಳುವುದಿಲ್ಲ. ಹಳಗನ್ನಡದ ‘ಬಟ್ಟೆ’ಯ ಮೇಲೆ ನನಗೆ ಮೋಹವಿದೆ. ಹೆದ್ದಾರಿಗೆ ‘ಹೆಬ್ಬಟ್ಟೆ’ ಎನ್ನುತ್ತಿದ್ದರಲ್ಲ, ಅದೇ ಬಟ್ಟೆ. ಆದರೆ ಇವತ್ತು ‘ಹಳ್ಳಿಬಟ್ಟೆ’ ಎಂದು ಅಚ್ಚು ಹಾಕಿಸಿದರೆ ಓದುಗರು ಖಾದಿ ಭಂಡಾರದ ಜಾಹೀರಾತು ಎಂದುಕೊಂಡಾರು. ಕರಾವಳಿ, ಮಲೆನಾಡಿನವರು ‘ಓಣಿ’ಯನ್ನು ಸೂಚಿಸಬಹುದು. ಓಣಿಗೆ ಎರಡೂ ಬದಿ ಬೇಲಿಯೋ ಅಗಳೋ ಗೋಡೆಯೋ ಬೇಕು. ಈ ಚಿತ್ರದಲ್ಲಿ ಎಲ್ಲ ಬಟಾಬಯಲು.

ಉಳಿದದ್ದು ‘ಬಂಡಿದಾರಿ’. ಇದರ ಕಡೆಗೇ ನನ್ನ ಒಲವು. ಕಂದಾಯ ದಾಖಲೆಗಳಲ್ಲಿ ಈಗಲೂ ‘ನಕಾಶೆ ಕಂಡ ಬಂಡಿದಾರಿ’, ‘ನಕಾಶೆ ಕಂಡ ಕಾಲುದಾರಿ’ ಎಂದು ಬೇರೆಬೇರೆಯಾಗಿ ಬರೆಯುತ್ತಾರೆ. ಜಮೀನಿನ ತಕರಾರು ಕಂಡವರಿಗೆಲ್ಲ ಈ ಪದ ಗೊತ್ತು. ಯಾವ ದಾರಿ ಯಾರ ಓಡಾಟಕ್ಕೆ ಎಂಬುದನ್ನು ಅದು ಹೇಳುತ್ತದೆ, ಏನಿಲ್ಲ ಎಂಬುದನ್ನು ಹೇಳುವುದಿಲ್ಲ. ಚಿತ್ರದಲ್ಲಿ ಬಂಡಿ ಕಾಣಿಸದಿದ್ದರೂ ಬಂಡಿ ಹೋದ ಗುರುತೇ ಚಿತ್ರದ ಜೀವ. ಒಂದೇ ತೊಡಕು: ಬಂಡಿದಾರಿ ಊರಿಂದ ಹೊಲಕ್ಕೆ ಹೋಗಿ ಅಲ್ಲೇ ಮುಗಿಯಬಹುದು. ಪ್ರಸ್ಯೋಲಕ್ ಹಾಗೆ ಮುಗಿಯುವುದಿಲ್ಲ, ಇನ್ನೊಂದು ಹಳ್ಳಿ ಮುಟ್ಟಲೇಬೇಕು. ‘ಊರಹಾದಿ’ ಎಂದರೆ ಆ ಅರ್ಥ ಬರುತ್ತದೆ, ಆದರೆ ಊರೊಳಗಿನ ಹಾದಿ ಎಂದೂ ಓದಬಹುದು. ‘ಊರೂರ ದಾರಿ’ ಕಿವಿಗೆ ಚೆನ್ನ, ಅದನ್ನು ಯಾರಾದರೂ ಆಡಿದ್ದನ್ನು ಮಾತ್ರ ನಾನು ಕೇಳಿಲ್ಲ. ನಾವೇ ಹೊಸೆದ ಪದವನ್ನು ಚಿತ್ರದ ಹೆಸರಾಗಿ ಇಡಲು ಮನಸ್ಸಿಲ್ಲ.

ಜೊತೆಗೊಂದು ಚಿಕ್ಕ ಪ್ರಶ್ನೆ. ಗಾಲಿ ಕೊರೆದು ಆದ ಆ ಜೋಡಿ ತಗ್ಗುಗಳಿಗೆ ಏನೆನ್ನೋಣ? ‘ಗುಂಡಿ’ ದುಂಡಗಾಯಿತು. ‘ಕೊರಕಲು’ ನೀರು ಕೊರೆದದ್ದು. ಸದ್ಯಕ್ಕೆ ‘ಗಾಲಿಜಾಡು’ ಎಂದು ಬರೆದಿದ್ದೇನೆ. ಆದರೆ ಜಾಡು ಬರೀ ಗುರುತಾಗಿಯೂ ಇರಬಹುದು, ಅದರಲ್ಲಿ ಆಳ ಕಾಣುವುದಿಲ್ಲ. ಚಿತ್ರದಲ್ಲಿರುವುದು ನೀರು ನಿಲ್ಲುವಷ್ಟು ಆಳದ ಜಾಡು.

ಧಾರವಾಡ, ವಿಜಯಪುರ, ಗದಗದ ಕಡೆಯವರು ದಯವಿಟ್ಟು ತಿಳಿಸಿ: ‘ಚಕ್ಕಡಿ ಹಾದಿ’ ಎಂದಾಗ ನಿಮ್ಮಲ್ಲಿ ಹೊಲಕ್ಕೆ ಹೋಗುವ ಹಾದಿ ಮಾತ್ರವೋ, ಪಕ್ಕದ ಊರಿಗೆ ಹೋಗುವುದಕ್ಕೂ ಅದೇ ಮಾತು ನಡೆಯುತ್ತದೋ? ಎರೆಹೊಲದ ಸೀಮೆಯಲ್ಲಿ ಮಳೆ ಹೊಯ್ದ ಮೇಲೆ ಗಾಲಿ ಹೂತು ಬೀಳುವ ಆ ಸಾಲಿಗೆ ಬೇರೆ ಹೆಸರೇನಾದರೂ ಬಳಕೆಯಲ್ಲಿದೆಯೋ? ನಿಘಂಟಿನ ಪುಟಕ್ಕಿಂತ ಮನೆಯ ಹಿರಿಯರು ಆಡಿದ ವಾಕ್ಯವನ್ನೇ ಬರೆದು ಕಳಿಸಿದರೆ ಹೆಚ್ಚು ಉಪಕಾರ.